ಅಣ್ಣನ ಶೂ ಹಾಕಿಕೊಂಡು ಓಡುವವನಿಗೆ

ಪ್ರೀತಿಯ ಅಂಬರೇಶ,

ಇಲ್ಲ, ಎರಡೂ ಒಂದೇ ಅಲ್ಲ. ಮೊನ್ನೆ ದೇವದುರ್ಗದ ಮೈದಾನದಲ್ಲಿ ಯಲ್ಲಾಲಿಂಗ ನಿನ್ನನ್ನು ತಡೆದು, "ಏನಲೇ, ಪೊಲೀಸ್ ಆಗಾಕ ಓಡಾಕತ್ತೀಯೋ, ಹೀರೋ ಆಗಾಕ ಓಡಾಕತ್ತೀಯೋ?" ಎಂದು ಕೇಳಿದಾಗ ನೀನು ಏದುಸಿರು ಬಿಡುತ್ತ, "ಎರಡೂ ಒಂದ ಬಿಡಲೇ" ಅಂದೆ. ಅಂದವನೇ ಇನ್ನೊಂದು ಸುತ್ತಿಗೆ ಹೊರಟೆ. ನಾನು ನೀರಿನ ಬಾಟಲಿ ಹಿಡಿದುಕೊಂಡು ಹಾಗೇ ನಿಂತಿದ್ದೆ. ನಮ್ಮ ಅನಿಮೆ ಗ್ರೂಪಿನಲ್ಲಿ ಯಾರಾದರೂ ಒಂದು ಸಾಲು ತಪ್ಪು ಹೇಳಿದರೆ ಪುಟಗಟ್ಟಲೆ ಉತ್ತರ ಬರೆಯುವವಳಿಗೆ ಅವತ್ತು ಬಾಯಿ ಕಟ್ಟಿತ್ತು. ಉತ್ತರ ಬಂದಿದ್ದು ವಾಪಸ್ ಬಸ್ಸಿನಲ್ಲಿ. ಕಲ್ಮಲ ದಾಟುವಾಗ ಒಂದು ಉತ್ತರ ಪೂರ್ತಿ ತಯಾರಾಗಿತ್ತು. ರಾಯಚೂರು ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಅದು ಹಳಸಿ ಇನ್ನೊಂದು ಬಂದಿತ್ತು.

ಅವತ್ತಿನಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ ಕಣೋ. ಲ್ಯಾಬಿನಲ್ಲಿ ಬ್ಯೂರೆಟ್ ತುಂಬುತ್ತ ಮನಸ್ಸಿನಲ್ಲೇ ನಿನಗೆ ಉತ್ತರ ಹೇಳುತ್ತಿದ್ದೆ, ಆಸಿಡ್ ತುಂಬಿ ಹೊರಗೆ ಚೆಲ್ಲಿತು. ಮನೆಯಲ್ಲಿ ಪಾತ್ರೆ ತೊಳೆಯುತ್ತ ಕೈ ಬೀಸಿ ವಾದ ಮಾಡುತ್ತಿದ್ದಾಗ ಅಪ್ಪ ಬಾಗಿಲಲ್ಲಿ ನಿಂತು, "ಯಾರ ಜೊತಿ ಜಗಳ ಮಾಡಾಕತ್ತೀಯವ್ವಾ, ಒಬ್ಬಾಕೇ?" ಎಂದು ಕೇಳಿದ. ನಿನ್ನ ಜೊತೆ. ನೀನು ಗ್ರೂಪ್ ಬಿಟ್ಟೆ, ಆಪ್ ತೆಗೆದು ಹಾಕಿದೆ, ಫೋನ್ ಮಾಡಿದರೆ ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ನಾಳೆ ಯಲ್ಲಾಲಿಂಗ ಮಾನ್ವಿಯಿಂದ ಇಲ್ಲಿಗೆ ಬಂದು, ಇದನ್ನು ತೆಗೆದುಕೊಂಡು ಹೋಗಿ ನಿನ್ನ ಕೈಯಲ್ಲೇ ಇಡುತ್ತಾನೆ. ಮಾತಾಡಿದರೆ ನೀನು ಓಡಿಹೋಗುತ್ತೀಯ. ಕಾಗದವನ್ನು ಓಡುತ್ತ ಓದಲು ಆಗುವುದಿಲ್ಲ.

ಶನಿವಾರ ಕೊನೆಯ ದಿನ. ಇಲ್ಲಿ ಕೃಷಿ ಕಾಲೇಜಿನಲ್ಲಿ ನಿನ್ನ ಹೆಸರಿಗೆ ಬಂದಿರುವ ಸೀಟಿಗೆ ನೀನೇ ಬಂದು ಹಾಜರಾಗಬೇಕು, ಇಲ್ಲದಿದ್ದರೆ ಅದು ಇನ್ನೊಬ್ಬರಿಗೆ ಹೋಗುತ್ತದೆ. ಇದು ನಿನಗೆ ಗೊತ್ತು. ಗೊತ್ತಿದ್ದೂ, "ನಾ ಬರಂಗಿಲ್ಲ, ಅಣ್ಣನ ಕೆಲಸ ಮುಗಸ್ತೀನಿ" ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೀಯ. ಬಿ.ಎಸ್ಸಿ. ಅಗ್ರಿ ಎಂದು ಎರಡು ವರ್ಷ ತಲೆ ತಿಂದವನು ನೀನು. ಜೋಳದ ತೆನೆಗೆ ಬರುವ ರೋಗದ ಫೋಟೋ ತಂದು ಅನಿಮೆ ಗ್ರೂಪಿನಲ್ಲಿ ಹಾಕಿ, "ಇದು ಯಾವ ವಿಲನ್ ಹೇಳ್ರಿ ನೋಡೂನು" ಎಂದು ಕೇಳುತ್ತಿದ್ದವನು ನೀನು.

ನಿನ್ನ ಅಣ್ಣ, ಕೃಷ್ಣಣ್ಣನನ್ನು ನಾನು ಎದುರಾ ಎದುರು ನೋಡಿದ್ದು ಕಡಿಮೆ. ಕೇಳಿದ್ದೇ ಜಾಸ್ತಿ. ನೀನು, ನಾನು, ಯಲ್ಲಾಲಿಂಗ ಮೂವರೂ ಕಾಲ್ ಮಾಡಿಕೊಂಡು ಒಟ್ಟಿಗೆ ಎಪಿಸೋಡ್ ನೋಡುವಾಗ ನಿನ್ನ ಹಿಂದಿನಿಂದ ಅವನ ಧ್ವನಿ ಬರುತ್ತಿತ್ತು. "ಈ ಜಪಾನ್ ಕಾರ್ಟೂನ್ ಏನ್ ನೋಡ್ತೀರಲೇ? ಕಣ್ಣು ತಟ್ಟಿಯಷ್ಟು, ಮೂಗು ಸಾಸಿವಿಯಷ್ಟು!" ಪೊಲೀಸ್ ಪರೀಕ್ಷೆಗೆ ಅಂತ ಓಡಲು ಹೋಗುವ ಮುಂಚೆ ಶೂ ದಾರ ಕಟ್ಟುತ್ತ ನಿನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. "ನಾ ನೋಡಾಕತ್ತಿಲ್ಲಪಾ, ದಾರ ಕಟ್ಟಾಕತ್ತೀನಿ" ಅನ್ನುತ್ತಿದ್ದ. ಆ ದಾರ ಕಟ್ಟಿ ಮುಗಿಯುವಷ್ಟರಲ್ಲಿ ಅರ್ಧ ಎಪಿಸೋಡ್ ಆಗಿರುತ್ತಿತ್ತು. ಮರುವಾರ ಅವನೇ ಕೇಳುತ್ತಿದ್ದ, "ಆ ಮುದುಕ ಏನಾದ? ಸತ್ತನೋ, ಅದಾನೋ?" ಯಲ್ಲಾಲಿಂಗ ಇತ್ತಿಂದ ಕೂಗುತ್ತಿದ್ದ, "ಅಣ್ಣಾ, ಗ್ರೂಪಿಗೆ ಸೇರ್ಕೋ, ಎಲ್ಲಾ ಹೇಳ್ತೀವಿ!" ಅದಕ್ಕೆ ಅವನು, "ಕಾನ್‌ಸ್ಟೇಬಲ್ ಆದ ಮ್ಯಾಲ ಸೇರ್ತೀನಿ. ಆಮ್ಯಾಲ ನಿಮ್ಮನ್ನೆಲ್ಲಾ ಅರೆಸ್ಟ್ ಮಾಡ್ತೀನಿ" ಅನ್ನುತ್ತಿದ್ದ.

ಆ ಸಂಜೆ ಸಿರವಾರದಿಂದ ದೇವದುರ್ಗಕ್ಕೆ ಬರುವ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಟ್ರ್ಯಾಲಿಗೆ ಅವನ ಗಾಡಿ ಹೊಡೆಯಿತು. ಮುಂದಿನದನ್ನು ನಾನು ಬರೆಯುವುದಿಲ್ಲ. ನಮಗೆ ಅದು ಗೊತ್ತಾದ ರೀತಿಯನ್ನು ಮಾತ್ರ ಬರೆಯಲೇಬೇಕು, ಯಾಕೆಂದರೆ ಅದರ ಬಗ್ಗೆ ನಾವು ಯಾರೂ ಬಾಯಿ ಬಿಟ್ಟಿಲ್ಲ.

ನಮ್ಮ ಗ್ರೂಪಿನ ಮೊದಲ ನಿಯಮ ಸಾವಿನದು. ಕಥೆಯಲ್ಲಿ ಯಾರೇ ಸಾಯಲಿ, ಆ ಸಾಲಿನ ಮೇಲೆ ಕಪ್ಪು ಪಟ್ಟಿ ಎಳೆದು ಮುಚ್ಚಿ ಹಾಕಬೇಕು. ಎಪಿಸೋಡ್ ನೋಡಿದವರು ಪಟ್ಟಿಯ ಮೇಲೆ ಒತ್ತಿ ಓದಬಹುದು. ನೋಡದವರ ಖುಷಿ ಕೆಡಬಾರದು. ಅಪಘಾತದ ಮರುದಿನ ಬೆಳಿಗ್ಗೆ ಹೊಸ ಎಪಿಸೋಡ್ ಬಂದಿತ್ತು. ನಿನ್ನ ಹೆಸರಿನಲ್ಲಿ ಒಂದು ಸಾಲು ಬಂತು, ಪೂರ್ತಿ ಕಪ್ಪು. ಯಾರೂ ಒತ್ತಲಿಲ್ಲ. ಯಲ್ಲಾಲಿಂಗ ಬರೆದ, "ಏ, ನಾ ಇನ್ನಾ ನೋಡಿಲ್ಲಲೇ, ಸಂಜಿಮುಂದ ನೋಡಿ ತೆಗಿತೀನಿ." ಯಾರೋ ಅಳುವ ಮುಖ ಹಾಕಿದರು, ಯಾರೋ ನಗುವ ಮುಖ. ಇನ್ಯಾರೋ, "ಅಂಬ್ರಿ ಮೊದಲ ನೋಡಿ ಸೊಕ್ಕು ಮಾಡಾಕತ್ತಾನ" ಎಂದು ಚುಡಾಯಿಸಿದರು. ಯಲ್ಲಾಲಿಂಗ ಸಂಜೆ ಎಪಿಸೋಡ್ ಪೂರ್ತಿ ನೋಡಿದ. ಅದರಲ್ಲಿ ಯಾರೂ ಸತ್ತಿರಲಿಲ್ಲ. ಹಾಗಾದರೆ ಇವನು ಮುಚ್ಚಿದ್ದು ಏನನ್ನು ಎಂದು ಒತ್ತಿ ನೋಡಿದ.

"ನಮ್ಮಣ್ಣ ತೀರ್ಕೊಂಡ."

ಅವನು ಕೂಡಲೇ ನನಗೆ ಫೋನ್ ಮಾಡಿದ. "ಮಿತ್ರಾ, ಅದನ್ನ ತೆಗಿ, ಆ ಪಟ್ಟಿ ತೆಗಿ" ಅಂದ. ಅಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ನಿನ್ನ ಗೆಳೆಯರು ಅಂತ ಒಬ್ಬರೂ ಮಣ್ಣಿಗೆ ಬರಲಿಲ್ಲ. ದಿನವಿಡೀ ಆ ಸಾಲು ನಮ್ಮೆಲ್ಲರ ಫೋನಿನಲ್ಲಿ ಇತ್ತು, ನಾವು ಅದರ ಕೆಳಗೇ ಯಾವ ಹಾಡು ಚೆಂದ ಎಂದು ಜಗಳ ಆಡುತ್ತಿದ್ದೆವು. ನೀನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಣ್ಣನ ಸಾವನ್ನೂ ನಿಯಮದ ಪ್ರಕಾರ ಮುಚ್ಚಿ ಹಾಕಿದೆಯಲ್ಲ, ನಮ್ಮ ಖುಷಿ ಕೆಡಬಾರದು ಅಂತ! ಯಾರೋ ಅದನ್ನು ನಿನಗೆ ಕಲಿಸಿದರು. ನಾವೇ ಕಲಿಸಿದೆವು. ಆದರೆ ಅಂಬರೇಶ, ಆ ಪಟ್ಟಿ ಇವತ್ತಿಗೂ ಹಾಗೇ ಇದೆ ಅನ್ನಿಸುತ್ತದೆ ನನಗೆ. ಈಗ ನೀನು ಅದನ್ನು ಓಡುತ್ತ ಎಳೆಯುತ್ತಿದ್ದೀಯ, ಸುತ್ತಿನ ಮೇಲೆ ಸುತ್ತು.

ಸೂತಕದ ದಿನಗಳು ಮುಗಿದ ಮೇಲೆ ನೀನು ಗ್ರೂಪಿಗೆ ಹಾಕಿದ ಕೊನೆಯ ಫೋಟೋ ಆ ಶೂಗಳದು. ಕೃಷ್ಣಣ್ಣನ ನೀಲಿ ಶೂ, ಮುಂದೆ ಬಟ್ಟೆ ತುರುಕಿದ್ದೀಯ, ದೊಡ್ಡದಾಗುತ್ತದೆ ಅಂತ. ಕೆಳಗೆ ಬರೆದಿದ್ದೆ, "ಯೂನಿಫಾರ್ಮ್ ಬರೋತನ ಅಳಂಗಿಲ್ಲ." ಗ್ರೂಪಿಗೆ ಗ್ರೂಪೇ ಬೆಂಕಿ ಹಚ್ಚಿತು, ಬರೀ ಬೆಂಕಿಯ ಚಿತ್ರಗಳು. "ಹೀರೋನ ಟ್ರೇನಿಂಗ್ ಚಾಲೂ", "ಅಣ್ಣನ ಆಣಿ", "ನಮ್ಮ ದೋಣಿ ಹುಡುಗ ಅಂಬ್ರಿ." ನೀನು ಆ ಮಾತು ಎಲ್ಲಿಂದ ತೆಗೆದುಕೊಂಡೆ ಎಂದು ನಮಗೆ ಹೇಳಬೇಕಿರಲಿಲ್ಲ. ನಾವು ಒಟ್ಟಿಗೇ ನೋಡುತ್ತಿದ್ದ ಸರಣಿ. ಮೋಡದ ನದಿಯ ಮೇಲೆ ದೋಣಿ ನಡೆಸುವ ಆ ಹುಡುಗನ ಅಣ್ಣ ಬಿರುಗಾಳಿಗೆ ಸಿಕ್ಕಿ ಹೋಗುತ್ತಾನೆ. ಹುಡುಗ ಅವನ ಮಳೆ ಕೋಟು ತೊಟ್ಟು, "ಆಚೆ ದಡ ಮುಟ್ಟುವ ತನಕ ಅಳುವುದಿಲ್ಲ" ಎಂದು ಆಣೆ ಇಡುತ್ತಾನೆ. ಆ ದೃಶ್ಯಕ್ಕೆ ನಾವು ಮೂವರೂ ಎಷ್ಟು ಕೂಗಾಡಿದ್ದೆವು! ನಿಮ್ಮವ್ವ ಒಳಗೆ ಬಂದು, "ಯಾಕ್ರಪಾ, ಯಾರಿಗೇನಾತು?" ಎಂದು ಗಾಬರಿ ಬಿದ್ದಿದ್ದಳು.

ಆ ಕೋಟು ಹುಡುಗನಿಗೆ ಸರಿಯಾಗಿ ಕೂತಿತು. ಗಮನಿಸಿದ್ದೀಯಾ? ಎಲ್ಲ ಸರಣಿಗಳಲ್ಲೂ ಹಾಗೇ. ಸತ್ತವರ ಕೋಟು, ಸತ್ತವರ ಟೋಪಿ, ಸತ್ತವರ ಕತ್ತಿ, ಉಳಿದವರ ಮೈಗೆ ಅಳತೆ ಕೊಟ್ಟು ಹೊಲಿಸಿದಂತೆ ಸರಿಹೋಗುತ್ತದೆ. ಯಾವ ಹೀರೋನೂ ತೋಳು ಮಡಚಿಕೊಳ್ಳುವುದಿಲ್ಲ. ಯಾವ ಹೀರೋನ ಹಿಮ್ಮಡಿಯೂ ಸುಲಿಯುವುದಿಲ್ಲ. ಮೊನ್ನೆ ನೀನು ಮೈದಾನದ ಕಟ್ಟೆಯ ಮೇಲೆ ಕೂತು ಕಾಲು ಹೊರಗೆ ತೆಗೆದಾಗ ಸಾಕ್ಸ್ ಹಿಮ್ಮಡಿಗೆ ಅಂಟಿತ್ತು. ಅದನ್ನು ನೀನು ಎಳೆದ ರೀತಿ ನನಗೆ ಮರೆಯಲು ಆಗುತ್ತಿಲ್ಲ. ಮುಖ ಒಂಚೂರೂ ಬದಲಾಗಲಿಲ್ಲ. ಬೇರೆ ಯಾರದೋ ಕಾಲು ಅನ್ನುವ ಹಾಗೆ.

ನಾನು ಅನಿಮೆ ಬಿಟ್ಟವಳಲ್ಲ, ಬೈಯಲು ಕೂತವಳೂ ಅಲ್ಲ. ನಿನಗಿಂತ ಹೆಚ್ಚು ಹೀರೋಗಳು ನನಗೆ ಗೊತ್ತು. ಗುರು ಸತ್ತ ಕೂಡಲೇ ಕೂದಲಿನ ಬಣ್ಣ ಬದಲಾಗಿ ಊರಿಗೆ ಊರೇ ಒಡೆದು ಹಾಕುವವರು ಇದ್ದಾರೆ. ಇನ್ನು ಕೆಲವರು ಎಲ್ಲರ ಮುಂದೆ ಹಲ್ಲು ಕಿರಿದು, ಒಬ್ಬರೇ ಇದ್ದಾಗ ಗೋಡೆಗೆ ಹಣೆ ಹಚ್ಚುತ್ತಾರೆ. ಬೆಟ್ಟ ಹತ್ತಿ ಹೋಗಿ, ಮೂರು ವರ್ಷದ ನಂತರ ಎಂದು ಪರದೆಯ ಮೇಲೆ ಬರೆದ ಕೂಡಲೇ ಎದೆ ಅಗಲ ಮಾಡಿಕೊಂಡು ಇಳಿದು ಬರುತ್ತಾರಲ್ಲ, ಅವರ ಬಗ್ಗೆ ನನಗೆ ಯಾವಾಗಲೂ ಸಿಟ್ಟು. ಆ ಮೂರು ವರ್ಷ ಮನೆಯಲ್ಲಿ ಇದ್ದವರು ಏನು ಮಾಡಿದರು? ಅದನ್ನು ಯಾರೂ ತೋರಿಸುವುದಿಲ್ಲ. ಅವರ ಮನೆಯ ದೀಪ ಯಾರು ಹಚ್ಚಿದರು, ಅವರವ್ವ ಯಾರ ಜೊತೆ ಕೂತು ಉಂಡಳು?

ನಮ್ಮವ್ವ ಮೌನೇಶ್ವರಿ ಹೋದಾಗ ನಾನು ಹತ್ತನೇ ಕ್ಲಾಸು. ನಿಮ್ಮಿಬ್ಬರಿಗೂ ಇದನ್ನು ಹೇಳಿದ್ದೇನೆ, ಪೂರ್ತಿ ಹೇಳಿಲ್ಲ. ಅನಿಮೆಯಲ್ಲಿ ಸಾಯುವ ತಾಯಂದಿರಿಗೆಲ್ಲ ಒಂದೇ ಜಡೆ, ಸಡಿಲ ಹೆಣೆದು ಭುಜದ ಮುಂದೆ ಬಿಟ್ಟಿರುತ್ತಾರೆ ಎಂದು ಗ್ರೂಪಿನಲ್ಲಿ ನಗುತ್ತೀವಲ್ಲ, ನಮ್ಮವ್ವ ಎಣ್ಣೆ ಹಚ್ಚಿ ಬಿಗಿಯಾಗಿ ತುರುಬು ಕಟ್ಟುತ್ತಿದ್ದಳು, ಒಂದು ಕೂದಲೂ ಹೊರಗೆ ಬರುತ್ತಿರಲಿಲ್ಲ. ಅನಿಮೆಯ ಲೆಕ್ಕದಲ್ಲಿ ಆ ತುರುಬಿನವರು ಸಾಯಬಾರದಿತ್ತು. ಸಂಬಂಧಿಕರೆಲ್ಲ ಹೋದ ಮೇಲೆ ಅಪ್ಪ ಮೊದಲ ಸಲ ಒಲೆ ಹಚ್ಚಿ ಉಪ್ಪಿಟ್ಟು ಮಾಡಿದ. ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದ್ದ. ಬಾಯಿಗೆ ಇಡಲು ಆಗದಷ್ಟು ಉಪ್ಪು. ಅಪ್ಪ ಒಂದು ತುತ್ತು ತಿಂದು, "ಏನವ್ವಾ, ಸಮುದ್ರಾನ ಮಾಡೀನಿ ನೋಡು" ಅಂದ. ನಾವು ನಕ್ಕೆವು. ನಗುತ್ತ ನಗುತ್ತ ಅಪ್ಪನ ಬಾಯಿ ಸೊಟ್ಟಗಾಯಿತು, ನನ್ನದೂ. ಇಬ್ಬರೂ ತಟ್ಟೆ ಬಿಡಲಿಲ್ಲ. ಅತ್ತುಕೊಂಡೇ ಆ ಸಮುದ್ರ ಖಾಲಿ ಮಾಡಿದೆವು.

ಆಮೇಲೇ ನಾನು ಅನಿಮೆ ನೋಡಲು ಹತ್ತಿದ್ದು. ಯುದ್ಧಗಳಿಗಾಗಿ ಅಲ್ಲ. ಎಲ್ಲ ಯುದ್ಧ ಮುಗಿದ ಮೇಲೆ ಯಾರೋ ಒಬ್ಬರು ಹೀರೋನ ಮುಂದೆ ಬಿಸಿ ಅನ್ನದ ಬಟ್ಟಲು ಇಡುತ್ತಾರೆ ನೋಡು, ಅವನು ಮೊದಲ ತುತ್ತು ಬಾಯಿಗೆ ಇಟ್ಟು ನಿಂತುಬಿಡುತ್ತಾನೆ, ಕಣ್ಣೀರು ಅನ್ನಕ್ಕೆ ಬೀಳುತ್ತದೆ, ಆದರೂ ಉಣ್ಣುತ್ತಾನೆ. ಆ ದೃಶ್ಯಕ್ಕಾಗಿ. ಅದು ಬಂದಾಗ ನೀವಿಬ್ಬರೂ, "ಫೈಟ್ ಮುಗೀತು, ಮುಂದ ಓಡಸ್ರಿ" ಅನ್ನುತ್ತಿದ್ದಿರಿ. ನಾನು ಫೋನ್ ಮ್ಯೂಟ್ ಮಾಡಿ ಅದನ್ನೇ ಮತ್ತೆ ನೋಡುತ್ತಿದ್ದೆ.

ಈಗ ಮೊನ್ನೆಯ ವಿಷಯಕ್ಕೆ ಬರುತ್ತೇನೆ. ನಾವು ಮೈದಾನಕ್ಕೆ ಬರುವ ಮುಂಚೆ ನಿಮ್ಮ ಮನೆಗೆ ಹೋಗಿದ್ದೆವು. ನಿನಗೆ ಹೇಳಲಿಲ್ಲ, ಹೇಳುವಷ್ಟು ಹೊತ್ತು ನೀನು ನಿಲ್ಲಲೂ ಇಲ್ಲ. ನಾನು ರಾಯಚೂರಿಂದ ಸಿರವಾರಕ್ಕೆ ಬಂದೆ, ಯಲ್ಲಾಲಿಂಗ ಮಾನ್ವಿಯಿಂದ ಬಂದು ಕೂಡಿಕೊಂಡ. ದೇವದುರ್ಗದ ಬಸ್ಸಿನಲ್ಲಿ ಅವನು ಸಿರವಾರ ಬಿಟ್ಟಾಗಿನಿಂದ ಬಡಬಡ ಮಾತಾಡುತ್ತಿದ್ದ, ಒಂದು ಕಡೆ ಬಂದಾಗ ಮಾತು ನಿಲ್ಲಿಸಿ ಇತ್ತಲಿನ ಕಿಟಕಿಗೆ ಮುಖ ತಿರುಗಿಸಿಕೊಂಡ. ಅದೇ ಜಾಗ ಇರಬೇಕು.

ನಿಮ್ಮವ್ವ ಬಾಗಿಲಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. "ಬರ್ರೆಪಾ, ಬರ್ರಿ, ಬಿಸಲಾಗ ಬಂದೀರಿ" ಎಂದು ಎದ್ದು ನೀರು ಕೊಟ್ಟಳು. ಯಲ್ಲಾಲಿಂಗ, "ಹುಲಗೆಮ್ಮವ್ವಾ, ಅಂಬ್ರಿ ಎಲ್ಲಿ?" ಅಂದ. "ಎಲ್ಲಿ ಇರ್ತಾನ, ಓಡಾಕ ಹೋಗ್ಯಾನ. ಮುಂಜಾನಿ ಓಡ್ತಾನ, ಮಧ್ಯಾಹ್ನ ಓಡ್ತಾನ. ಮನ್ಯಾಗ ಏನರ ಹಿಡೀತದೇನೋ ಅವಂಗ" ಅಂದಳು. ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ಬೇಡ ಅಂದರೆ, "ಉಣ್ರಿ, ನನಗ ಉಣಸಾಕ ಯಾರದಾರ" ಅಂದಳು. ಯಲ್ಲಾಲಿಂಗ ಒಂದು ತುತ್ತು ತಿಂದು ಬಾಯಿ ಊದಿಕೊಂಡ. "ಯವ್ವಾ, ಏನು ಖಾರ ಬೇ! ಜೀವ ತೆಗೀತಿ."

ಅವಳು ನಗಲಿಲ್ಲ. "ಕೃಷ್ಣಾಗ ಹಿಂಗ ಬೇಕಿತ್ತು. ಅಂಬ್ರಿಗೆ ಖಾರ ಆಗ್ತಿದ್ದಿಲ್ಲ, ಅವಂದು ಬ್ಯಾರೆ ತೆಗೆದಿಡ್ತಿದ್ದೆ. ಈಗ ಅಂಬ್ರಿ, ನನಗೂ ಅಣ್ಣನಂಗ ಖಾರ ಹಾಕು ಅಂತಾನ. ಕಣ್ಣಾಗ ನೀರು ಬರ್ತಾವ, ಒರಸ್ಕೊಂತಾನ, ಖಾರದ್ದು ಯವ್ವಾ ಅಂತಾನ. ಅವನಂಗ ಎಡಗಡಿ ಮಕ್ಕಂತಾನ. ಅವನಂಗ ಕೆಮ್ಮತಾನ. ಅವನ ಬೂಟು ಹಾಕ್ಕೊಂಡು ಹೊಂಟಾಗ ಹಿಂದಿಂದ ನೋಡಿದ್ರ ಎದಿ ಝಲ್ ಅಂತದ" ಅಂದಳು. ನಾನು ಏನಾದರೂ ಹೇಳಬೇಕೆಂದು, "ಅಣ್ಣನ ಮ್ಯಾಲ ಅಷ್ಟು ಪ್ರೀತಿರೀ ಅವಂಗ" ಅಂದೆ. ಆಗ ಅವಳು ಮೆಣಸಿನಕಾಯಿ ಬುಟ್ಟಿ ಪಕ್ಕಕ್ಕೆ ಸರಿಸಿ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. ನಿನ್ನ ಮುಂದೆ ಅವಳು ಇದನ್ನು ಹೇಳುವುದಿಲ್ಲ.

"ಪ್ರೀತಿ ಅದ ಯವ್ವಾ, ಇಲ್ಲಂತೀನೇನು? ಆದ್ರ ನೋಡು, ಒಬ್ಬ ಮಗ ಸತ್ತ. ಇನ್ನೊಬ್ಬ ಅವನ ಆಗಾಕತ್ತಾನ. ಹಂಗಾದ್ರ ಅಂಬ್ರಿ ಎಲ್ಲಿ ಹೋದ? ನನಗ ಇಬ್ರೂ ಹೋದಂಗ ಆತಲ್ಲ. ಸತ್ತವನ ಹೆಸರು ಹಿಡದು ಅಳೂನು ಅಂದ್ರ ಇಂವ ಕಣ್ಣಮುಂದ ಅವನಂಗ ನಿಂತಿರ್ತಾನ, ಅಳಾಕೂ ಬರವಲ್ದು."

ನಿಮ್ಮಪ್ಪ ಗದ್ದೆಪ್ಪಜ್ಜ, ಅಲ್ಲ, ಅಜ್ಜ ಅನ್ನಬಾರದು, ಈ ಕೆಲವು ವಾರಗಳಲ್ಲಿ ಹಾಗೆ ಆಗಿಬಿಟ್ಟಿದ್ದಾನೆ, ಒಳಗೆ ಗೋಡೆ ಕಡೆ ತಿರುಗಿ ಮಲಗಿದ್ದ. ಎಚ್ಚರವಾಗಿಯೇ ಇದ್ದ, ಆದರೂ ಏಳಲಿಲ್ಲ. ಹೊರಡುವಾಗ ನಿಮ್ಮವ್ವ ನನ್ನ ಕೈ ಹಿಡಿದು, "ಕಾಲೇಜಿಗೆ ಹೋಗು ಅಂತ ನಾ ಹೇಳಿದ್ರ, ಅಣ್ಣನ್ನ ಮರತೇನು ಯವ್ವಾ ಅಂತ ಕೇಳ್ತಾನ. ಆ ಮಾತಿಗೆ ನಾ ಏನು ಹೇಳ್ಲಿ? ನೀವು ಓದಿದವ್ರು, ನೀವರ ಹೇಳ್ರಿ" ಅಂದಳು. ನಾವು ಓದಿದವರು ಮೈದಾನಕ್ಕೆ ಬಂದೆವು, ಯಲ್ಲಾಲಿಂಗ ಒಂದು ಕುಚೋದ್ಯ ಮಾಡಿದ, ನಾನು ಬಾಟಲಿ ಹಿಡಿದು ನಿಂತೆ. ಅಷ್ಟೇ ಆಗಿದ್ದು.

ನೀನು ಗ್ರೂಪ್ ಬಿಟ್ಟ ಮೇಲೆ ದೋಣಿ ಹುಡುಗನ ಸರಣಿ ಮುಗಿಯಿತು. ಕೊನೆಯ ಎಪಿಸೋಡ್ ನೀನು ನೋಡಿಲ್ಲ. ಈಗ ನಾನು ಅದನ್ನು ಯಾವ ಪಟ್ಟಿಯೂ ಎಳೆಯದೆ, ಬಿಳಿ ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ಬರೆಯುತ್ತಿದ್ದೇನೆ. ನಿಯಮ ಮುರಿದವಳು ಅಂತ ಗ್ರೂಪಿನಿಂದ ತೆಗೆದರೆ ತೆಗೆಯಲಿ.

ಅವನು ದಡ ಮುಟ್ಟುತ್ತಾನೆ. ನಾವೆಲ್ಲ ಕಾದಿದ್ದ ದೃಶ್ಯ. ದೋಣಿ ಮರಳಿಗೆ ತಾಗುತ್ತದೆ, ಹುಡುಗ ಇಳಿಯುತ್ತಾನೆ, ಕೋಟು ಬಿಚ್ಚಿ ಮಡಚಿ ಇಡುತ್ತಾನೆ. ಈಗ ಅಳಬಹುದು, ಆಣೆ ಮುಗಿಯಿತು. ಅವನು ಕಾಯುತ್ತಾನೆ. ನಾವೂ ಕಾಯುತ್ತೇವೆ. ಏನೂ ಬರುವುದಿಲ್ಲ. ಅಣ್ಣನ ಮುಖ ನೆನಪು ಮಾಡಿಕೊಳ್ಳಲು ನೋಡುತ್ತಾನೆ, ನೀರಿನಲ್ಲಿ ಕಾಣುವುದು ಕೋಟು ತೊಟ್ಟು ತೊಟ್ಟು ಅಭ್ಯಾಸವಾದ ತನ್ನದೇ ಮುಖ. ದಡದಲ್ಲಿ ಮೀನು ಒಣಗಿಸುತ್ತಿದ್ದ ಮುದುಕಿಯ ಹತ್ತಿರ ಹೋಗಿ, "ಅಳೋದು ಹೇಗೆ ಅಂತ ಹೇಳ್ತೀರಾ?" ಎಂದು ಕೇಳುತ್ತಾನೆ. ಅಲ್ಲಿಗೆ ಪರದೆ ಕಪ್ಪು. ಮುಗಿಯಿತು. ಗ್ರೂಪಿನಲ್ಲಿ ದೊಡ್ಡ ಗಲಾಟೆ. "ಮೋಸ ಮಾಡ್ಯಾರ", "ಇಷ್ಟು ದಿನ ಕಾಯಿಸಿ ಇದೇನಲೇ", "ಬರೆದವರಿಗೆ ರೊಕ್ಕ ಮುಗಿದಿರಬೇಕು." ನಾನೂ ಆವತ್ತು ಬೈದೆ. ನಿಮ್ಮ ಮನೆಯಲ್ಲಿ ಆ ಖಾರದ ಪಲ್ಯ ಉಂಡು ಬಂದ ಮೇಲೆ ಬೈಯುವುದು ನಿಲ್ಲಿಸಿದೆ.

ಕೃಷ್ಣಣ್ಣನಿಗೆ ಏನು ಇಷ್ಟ ಇತ್ತು ಎಂದು ನಾನು ಹೇಳುವುದಿಲ್ಲ. ಅನಿಮೆಯಲ್ಲಾದರೆ ಅವನು ಬೆಳ್ಳಗಿನ ಬೆಳಕಿನಲ್ಲಿ ಬಂದು, ತಲೆಯ ಮೇಲೆ ಕೈ ಇಟ್ಟು, ನೀನು ಬದುಕು ತಮ್ಮಾ ಅನ್ನುತ್ತಿದ್ದ. ನಿಜಕ್ಕೂ ಸತ್ತವರು ಯಾರಿಗೂ ಏನೂ ಹೇಳುವುದಿಲ್ಲ. ನಮ್ಮವ್ವ ಇಲ್ಲಿಯವರೆಗೆ ನನಗೆ ಒಂದು ಮಾತು ಹೇಳಿಲ್ಲ. ಆದ್ದರಿಂದ ಬದುಕಿರುವವಳು, ನಾನು, ನನಗೆ ಏನು ಬೇಕು ಅಂತ ಹೇಳುತ್ತೇನೆ. ನನಗೆ ಅಂಬ್ರಿ ಬೇಕು. ಖಾರ ತಿನ್ನದ, ಬಲಗಡೆ ಮಲಗುವ, ಜೋಳದ ರೋಗಕ್ಕೆ ವಿಲನ್ ಅಂತ ಹೆಸರಿಡುವ, ಓಟದಲ್ಲಿ ಯಲ್ಲಾಲಿಂಗನಿಗೂ ಸೋಲುವ ಅಂಬ್ರಿ. ಅವನು ಇಲ್ಲದೆ ನಮ್ಮ ಗ್ರೂಪಿನಲ್ಲಿ ಈಗ ಬರೀ ಹೀರೋಗಳು ತುಂಬಿದ್ದಾರೆ, ಉಸಿರು ಕಟ್ಟುತ್ತದೆ.

ಪೊಲೀಸ್ ಆಗಬೇಡ ಅಂತಲ್ಲ. ಆಗು. ಇನ್ನೂ ಅರ್ಜಿಯನ್ನೇ ಕರೆದಿಲ್ಲ, ಕರೆದಾಗ ನಿನಗೇ ಬೇಕು ಅನ್ನಿಸಿದರೆ ಹಾಕು, ನಾನೇ ಮೈದಾನದ ಪಕ್ಕ ನಿಂತು ಟೈಮ್ ಹಿಡಿಯುತ್ತೇನೆ. ಆದರೆ ಶನಿವಾರ ಒಂದೇ ಸಲ ಬರುತ್ತದೆ. ಆ ಸೀಟನ್ನು ನೀನು ಬಿಡುವುದಾದರೆ ಅಂಬರೇಶನಾಗಿ ಬಿಡು, ಕೃಷ್ಣನಾಗಿ ಬಿಡಬೇಡ. ನಿಮ್ಮವ್ವನ ಪಕ್ಕ ಒಂದು ಹೊತ್ತು ಕೂತು, ಕಡಿಮೆ ಖಾರದ ಪಲ್ಯ ಕೇಳಿ ಹಾಕಿಸಿಕೊಂಡು ಉಣ್ಣು. ಕಣ್ಣಲ್ಲಿ ನೀರು ಬಂದರೆ ಆಗ ನಿನಗೆ ನೆಪ ಇರುವುದಿಲ್ಲ. ಅವಳಿಗೂ ಇರುವುದಿಲ್ಲ. ಅದಾದ ಮೇಲೆ ಏನು ತೀರ್ಮಾನ ಮಾಡಿದರೂ ನಾನು ಬಾಯಿ ಮುಚ್ಚುತ್ತೇನೆ. ನಿಜವಾಗಲೂ. ಹೆಚ್ಚೆಂದರೆ ಒಂದು ದಿನ ಬೈದು ಮುಚ್ಚುತ್ತೇನೆ.

ಅಣ್ಣನ್ನ ಮರತೇನು ಯವ್ವಾ ಅಂತ ಕೇಳಿದೆಯಂತಲ್ಲ ಅವಳನ್ನು, ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರ ಇದೆ, ತಪ್ಪಿದ್ದರೆ ಹೇಳು. ಅಣ್ಣ ಅಣ್ಣನಾಗಿಯೇ ಇರಬೇಕಾದರೆ ತಮ್ಮ ಅಂತ ಒಬ್ಬ ಬೇಕು. ನೀನೂ ಕೃಷ್ಣ ಆಗಿಬಿಟ್ಟರೆ ಅವನನ್ನು ಅಣ್ಣಾ ಎಂದು ಕರೆಯುವವರು ಈ ಭೂಮಿಯ ಮೇಲೆ ಯಾರು ಉಳಿದರು?

ಪೆನ್ನು ಇಟ್ಟು ಎದ್ದಿದ್ದೆ, ಎರಡು ಸಲ ಅಂಗಳ ಸುತ್ತಿ ಮತ್ತೆ ಬಂದು ಕೂತೆ. ನೀನು ಓದುತ್ತ ಓದುತ್ತ ಇದನ್ನು ಹರಿದು ಹಾಕುತ್ತೀಯೇನೋ ಅನ್ನಿಸುತ್ತಿದೆ. ಹರಿದರೆ ಯಲ್ಲಾಲಿಂಗ ಎದುರಿಗೇ ನಿಂತಿರುತ್ತಾನೆ, ಅವನಿಗೆ ಒಂದು ಹೊಡೆದು ಸಿಟ್ಟು ತೀರಿಸಿಕೋ. ಅವನಿಗೆ ಮುಂಚೆಯೇ ಹೇಳಿದ್ದೇನೆ. "ಹೊಡೀಲಿ ಬಿಡು ಮಿತ್ರಾ, ಓಡೋದಕ್ಕಿಂತ ಅದು ಚಲೋ" ಎಂದು ಒಪ್ಪಿಕೊಂಡಿದ್ದಾನೆ.

ಹಿಮ್ಮಡಿಗೆ ಅರಿಶಿನ ಹಚ್ಚಿಕೋ. ನಿನ್ನ ಅನ್ನ ನಿನಗೆ ರುಚಿಸಲಿ, ನಿಮ್ಮಪ್ಪ ಗೋಡೆಯಿಂದ ಈ ಕಡೆ ಹೊರಳಲಿ, ನಿಮ್ಮವ್ವನಿಗೆ ಇರುವ ಮಗ ಸಿಗಲಿ. ನಿನಗೆ ಅಳು ಬರಲಿ ಎಂದು ಹರಸುವವಳು ನಾನೊಬ್ಬಳೇ ಇರಬೇಕು, ಆದರೂ ಹರಸುತ್ತೇನೆ.

ಜಗಳ ಮುಗಿಸದ ನಿನ್ನ ಗೆಳತಿ,
ಸಂಘಮಿತ್ರಾ
ರಾಯಚೂರು

ಶನಿವಾರ ಬೆಳಿಗ್ಗೆಯಿಂದ ನಾನು ಕಾಲೇಜಿನ ಗೇಟಿನ ಹತ್ತಿರ ಇರುತ್ತೇನೆ. ಬರುತ್ತೀಯೋ, ಇಲ್ಲ "ನಾ ಅಂಬರೇಶ ಹೇಳಾಕತ್ತೀನಿ ಯವ್ವಾ, ನಾ ಹೋಗಂಗಿಲ್ಲ" ಎಂದು ನಿಮ್ಮವ್ವನ ಕಣ್ಣಲ್ಲಿ ಕಣ್ಣಿಟ್ಟು ಒಂದೇ ಒಂದು ಸಲ ಹೇಳುವ ಧೈರ್ಯ ನಿನಗಿದೆಯಾ?